ಅಪ್ಪ ಒಪ್ಪಿಸಿಕೊಂಡ ಫ್ರೆಂಚ್

ಫ್ರೆಂಚಿನ ಮೌಖಿಕ ಪರೀಕ್ಷೆಯಲ್ಲಿ ನಾನು ಒಂದು ಸಲ ಫೇಲಾಗಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ಮೈಸೂರಿನಲ್ಲಿ ಬಿ.ಎ. ಓದು. ಪಾಸಾದರೆ ಅಲ್ಲಿಯದೇ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸುವ ಕೆಲಸ ಸಿಗುವುದಿತ್ತು. ಇಲ್ಲದಿದ್ದರೆ ಓದು ಸಾಕು, ನಮ್ಮೂರು ಶಿಕಾರಿಪುರದಲ್ಲೇ ಇರು ಎಂದು ಅಮ್ಮ ಹೇಳಿಬಿಟ್ಟಿದ್ದಳು. ಮರುಪರೀಕ್ಷೆಗೆ ಎರಡು ತಿಂಗಳಿತ್ತು, ಅಲ್ಲಿಯವರೆಗೆ ಊರಿಗೆ ಬಂದಿದ್ದೆ.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. "ಬಾಯಿಪಾಠ ಗಟ್ಟಿಯಾಗಿಲ್ಲ ನಿಂದು. ದಿನಾ ನನಗೆ ಒಪ್ಸು" ಎಂದರು. ಅವರಿಗೆ ಫ್ರೆಂಚಿನ ಒಂದಕ್ಷರ ಬರುತ್ತಿರಲಿಲ್ಲ. ಅದು ಅಡ್ಡಿಯೆಂದು ಅವರಿಗೆ ಅನ್ನಿಸಲೂ ಇಲ್ಲ. ಪಾಠಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆಸಿಕೊಂಡರು. ಬೆಳಿಗ್ಗೆ ಜಗಲಿಯ ಮೇಲೆ ನಾನು ಕೈಕಟ್ಟಿ ನಿಲ್ಲಬೇಕು, ಅಪ್ಪ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಕೂರುವರು. ಇಪ್ಪತ್ತು ದಾಟಿದವಳನ್ನು ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ಎಲ್ಲಿ ತಡವರಿಸಿದರೂ ಅಪ್ಪನದು ಒಂದೇ ಮಾತು: "ಮತ್ತೆ ಮೊದ್ಲಿಂದ." ಮಗ್ಗಿ ಒಪ್ಪಿಸುವ ಮಕ್ಕಳ ನಿಯಮವೇ ನನಗೂ. ತಿಂಗಳಾಗುವಷ್ಟರಲ್ಲಿ ಹನ್ನೆರಡು ಪಾಠಗಳನ್ನು ಉಸಿರು ಬಿಡದೆ ಹೇಳುತ್ತಿದ್ದೆ. ಅಪ್ಪ ಎದುರಂಗಡಿಯ ಸಾಹೇಬರನ್ನು ಕರೆದು ಕೇಳಿಸಿದರು. "ಭಾಳ ಚಲೋ ಹೇಳ್ತಾಳ್ರೀ ಮೇಷ್ಟ್ರೇ" ಎಂದು ಅವರೂ ಸರ್ಟಿಫಿಕೇಟ್ ಕೊಟ್ಟರು.

ಒಂದು ಭಾನುವಾರ ಸೊರಬಕ್ಕೆ, ಅಕ್ಕನ ಮನೆಗೆ ಹೋದೆ. ಅಕ್ಕ ತೆಂಗಿನಕಾಯಿ ತುರಿಯುತ್ತ, "ನಾನೀಗ ಕಾಯಿ ತುರೀತಿದೀನಲ್ಲ, ಅದನ್ನ ಫ್ರೆಂಚಲ್ಲಿ ಹೇಳೇ ನೋಡಾಣ" ಎಂದಳು. ಕಾಯಿಯೂ ಬರಲಿಲ್ಲ, ತುರಿಯುವುದೂ ಬರಲಿಲ್ಲ. "ಹೋಗ್ಲಿ ಮಾರಾಯ್ತಿ, ಅಕ್ಕ ಕೂತಿದಾಳೆ ಅನ್ನು ಸಾಕು."

'ಕೂತಿದ್ದಾಳೆ' ಏಳನೇ ಪಾಠದ ನಡುವಿನಲ್ಲಿತ್ತು. ಅಲ್ಲಿಗೆ ತಲುಪಲು ಮನಸ್ಸಿನಲ್ಲೇ ಪಾಠವನ್ನು ಮೊದಲಿಂದ ಹೇಳಿಕೊಳ್ಳತೊಡಗಿದೆ. ಅಷ್ಟರಲ್ಲಿ ಅಕ್ಕ ತುರಿದು ಮುಗಿಸಿ ಎದ್ದುಹೋಗಿದ್ದಳು.

ಪರೀಕ್ಷಕರು ಪಾಠ ಒಪ್ಪಿಸಿಕೊಳ್ಳುವವರಲ್ಲ, ಮಾತಾಡಿಸುವವರು. ಹೋದ ಸಲ ಬಾಯಿ ಕಟ್ಟಿಹೋದದ್ದೂ ಅದಕ್ಕೇ. ಶಾಲೆಗೆ ಹೊರಡುವ ಮುನ್ನ ದಿನವೂ ಒಂದು ಗಂಟೆ ನನಗೆ ಕೊಡುವ ಅಪ್ಪನಿಗೆ ಇದನ್ನು ಹೇಗೆ ಹೇಳಲಿ? ಹೇಳಲಿಲ್ಲ. ಬೆಳಿಗ್ಗೆ ಅವರಿಗೆ ಒಪ್ಪಿಸಿ, ಆಮೇಲೆ ಬಾವಿಕಟ್ಟೆಯಲ್ಲಿ ಕೊಡದ ಜೊತೆ, ಕೊಟ್ಟಿಗೆಯಲ್ಲಿ ಎಮ್ಮೆಯ ಜೊತೆ ಫ್ರೆಂಚ್ ಮಾತಾಡತೊಡಗಿದೆ. "ತಲೆಗಿಲೆ ಕೆಟ್ಟೈತೇನ್ರೀ ಈ ಹುಡುಗಿಗೆ?" ಎಂದು ಅಮ್ಮ ಅಪ್ಪನನ್ನು ಕೇಳಿದಳು. ನನಗೂ ಅದೇ ಅನುಮಾನವಿತ್ತು. ಊಟ ಸೇರುತ್ತಿರಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಮೈಸೂರಿಗೆ ಹೊರಡುವ ದಿನ ಬಂತೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಕೊನೆಗೆ ಮೈಸೂರಿನಲ್ಲಿ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ನಿನಗೆ ಯಾರು ಹೇಳಿಕೊಡುತ್ತಾರೆ ಎಂದು. ಹನ್ನೆರಡು ಪಾಠಗಳಲ್ಲಿ ಎಲ್ಲೂ ಅದಕ್ಕೆ ಉತ್ತರವಿರಲಿಲ್ಲ. ತಡವರಿಸುತ್ತಲೇ ಹೇಳಿದೆ: ನನ್ನ ಅಪ್ಪ. ಅಪ್ಪನಿಗೆ ಫ್ರೆಂಚ್ ಬರುವುದಿಲ್ಲ. ಆದರೂ ದಿನಾ ಕೂತು ಕೇಳುತ್ತಾರೆ. ಪರೀಕ್ಷಕರು ಪೆನ್ನು ಕೆಳಗಿಟ್ಟು, ಇನ್ನೂ ಹೇಳು ಎಂದರು. ಹೇಳಿದೆ.

ಪಾಸಾದ ಕಾಗದ ಬಂದ ದಿನ ಅಪ್ಪ ನೋಟ್‌ಬುಕ್ ತಂದು ಕೂತರು.

"ಎಷ್ಟನೇ ಪಾಠ ಕೇಳಿದ್ರು?"

"ಏಳನೇದು" ಎಂದೆ.

"ಮೊದ್ಲಿಂದ ಹೇಳಿದ್ಯಾ?"

"ಹ್ಞೂ ಅಪ್ಪ. ಎಲ್ಲೂ ನಿಲ್ಲಿಸ್ಲಿಲ್ಲ."

ಅಪ್ಪ ಹಾಳೆ ತಿರುವಿ, ಏಳನೇ ಪಾಠದ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಸರಿ ಗುರುತು ಹಾಕಿದರು.