ಶ್ರಾವಣದಲ್ಲಿ ಹಮ್ಮಿಂಗ್

ಮಾಜಾಳಿಯ ನಮ್ಮ ಕೇರಿಯಲ್ಲಿ ಚೌತಿಗೆ ಹೆಂಗಸರೆಲ್ಲ ಕೈ ಹಿಡಿದು ಸುತ್ತುತ್ತ ಫುಗಡಿ ಆಡುವಾಗ ಹಾಡು ಎತ್ತಿಕೊಡುವವರು ನನ್ನ ಅತ್ತೆ. ಗಂಡನ ಮನೆಯ ಕೊಂಕಣಿಯಲ್ಲಿ ನನಗವರು 'ಮಾಯಿ'. ಆ ವರ್ಷ ಗಂಟಲಿನ ಆಪರೇಷನ್ ಆಗಿ ಮಾಯಿಯ ದನಿ ಅಡುಗೆಮನೆಯಿಂದ ಜಗಲಿಗೂ ತಲುಪುತ್ತಿರಲಿಲ್ಲ. "ಈ ಸಲ ಬೇರೆ ಯಾರಾದ್ರೂ ಹೇಳ್ಲಿ" ಎಂದು ತಾವೇ ಅಂದರು. ಅಂದವರು ಬಟ್ಟೆ ಮಡಚುತ್ತ ಅವೇ ಹಾಡುಗಳನ್ನು ಗುನುಗುತ್ತಿದ್ದರು.

ಒಂದು ಅಂಗಳಕ್ಕೆ ಬಾಡಿಗೆಯ ಮೈಕ್‌ಸೆಟ್ ಅತಿಯಾಗುತ್ತಿತ್ತು; ಚಿಕ್ಕದೊಂದನ್ನು ನಾನೇ ಮಾಡೋಣ ಎಂದುಕೊಂಡೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದವಳು ನಾನು. ಆಮೇಲೆ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಮುಟ್ಟಿರಲಿಲ್ಲ. ಕಾರವಾರದ ಪೇಟೆಯಿಂದ ಐದು ಕಾಲಿನ ಆಂಪ್ಲಿಫೈಯರ್ ಐಸಿ, ಅದರ ಬಿಸಿ ಇಳಿಸಲು ಅಲ್ಯುಮಿನಿಯಂ ತುಂಡು, ಒಂದಿಷ್ಟು ಬಿಡಿಭಾಗ ತಂದೆ. ಸ್ಪೀಕರು ಹಾಳಾದ ಟಿವಿಯದು. ಮೈಕೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಸಿತು.

ಮೈಕು ಕೈಗೆ ಕೊಟ್ಟಾಗ ಮಾಯಿ ಒಂದು ಸಾಲು ಹಾಡಿದರು. ದನಿಯ ಜೊತೆಗೆ ಗುಂಯ್ ಎಂಬ ಸದ್ದೂ ಬಂತು. "ಬೇಡ ಬಿಡೇ. ನನ್ ಗಂಟ್ಲೇ ಹೀಂಗಾಗ್ಯದೆ" ಎಂದು ಮೈಕು ಕೆಳಗಿಟ್ಟು ಒಳಗೆ ಹೋದರು. ಸದ್ದು ಯಂತ್ರದ್ದೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಅದು ನಿಲ್ಲದೆ ಅವರು ಹಾಡುವುದಿಲ್ಲ ಎಂಬುದು ನನಗೆ ಖಾತ್ರಿಯಾಯಿತು.

ಅಂಕೋಲೆಯಲ್ಲಿರುವ ತಮ್ಮನಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟೆ. "ಹಮ್ಮಿಂಗ್ ಬರ್ತೇ ಅದೆ ಮಾರಾಯಾ, ಏನ್ ಮಾಡೂದು?"

ಮಾಯಿ ಸೌಟು ಹಿಡಿದೇ ಹೊರಬಂದರು. "ಹುಮಣಾ? ಶ್ರಾವಣದಲ್ಲಿ?"

ಹುಮಣ್ ಎಂದರೆ ಮೀನಿನ ಸಾರು. ನಮ್ಮ ಮನೆಯಲ್ಲಿ ಚೌತಿ ಕಳೆಯುವವರೆಗೆ ಮೀನಿನ ಹೆಸರೂ ಎತ್ತುವಂತಿಲ್ಲ.

"ಹುಮಣ್ ಅಲ್ಲ ಮಾಯಿ, ಹಮ್ಮಿಂಗ್."

"ಅದೇ ಅಲ್ವನೇ ನಾ ಹೇಳೂದು? ಚೌತಿ ತನಕ ತಡೀಲಿಕ್ಕೆ ಆಗೂದಿಲ್ವಾ ನಿಂಗೆ? ತಮ್ಮನ ಹತ್ರ ಮೀನು ತರ್ಸ್ತಿ?"

ತಮ್ಮ ಆ ಕಡೆ ನಗು ತಡೆಯಲಾರದೆ, "ಅಕ್ಕಾ, ಸೋಲ್ಡರ್ ಸರಿ ಬಿದ್ದದ್ಯಾ ನೋಡೇ" ಎಂದ.

ಸೋಲ್ ಎಂದರೆ ನಮ್ಮಲ್ಲಿ ಹುಮಣಿಗೆ ಹಾಕುವ ಮುರುಗಲ ಸಿಪ್ಪೆ. "ಕೇಳ್ದ್ಯಾ?" ಎಂದರು ಮಾಯಿ ಫೋನಿನತ್ತ ಬಾಗಿ. "ಸೋಲ್ ಹಾಕ್ಲಿಲ್ಲ ಇವ್ಳು. ಮತ್ತೆ ಹೆಂಗೆ ಸರಿ ಆಗ್ತದೆ?"

ಇದು ಹೀಗೇ ನಡೆಯಿತೇ? ಸೋಲ್‌ನ ಮಾತು ಬೇರೊಂದು ದಿನದ್ದು ಎಂದು ತಮ್ಮ ವಾದಿಸುತ್ತಾನೆ. ಹೇಳಿ ಹೇಳಿ ನಾನೇ ಎರಡನ್ನೂ ಬೆಸೆದಿದ್ದರೂ ಇರಬಹುದು. ಮೈಕಿನ ಅರ್ಥ್ ತಂತಿಯ ಬೆಸುಗೆ ಮಂಕಾಗಿ, ಸಕ್ಕರೆ ಕಟ್ಟಿದಂತೆ ಕಂಡದ್ದು ಮಾತ್ರ ಸುಳ್ಳಲ್ಲ. ಅದನ್ನು ಕರಗಿಸಿ ಹೊಸದಾಗಿ ಸೋಲ್ಡರ್ ಹಾಕಿದೆ. ಗುಂಯ್ ನಿಂತಿತು. ಮಾಯಿಯನ್ನು ಕರೆದೆ. ಒಂದು ಸಾಲು ಹಾಡಿ, ಸ್ಪೀಕರಿನ ಕಡೆ ನೋಡಿ, ನಾನು ಕೇಳಿಕೊಳ್ಳದೆಯೇ ಎರಡನೆಯದನ್ನೂ ಹಾಡಿದರು.

ಚೌತಿಯ ದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಹಾಡು ಎತ್ತಿಕೊಟ್ಟವರು ಮಾಯಿಯೇ. ದನಿ ಅಲ್ಲಲ್ಲಿ ಒಡೆಯಿತು, ಆದರೂ ಬಾವಿಕಟ್ಟೆಯವರೆಗೆ ಕೇಳಿಸಿತು. ಸುತ್ತಿ ಸುತ್ತಿ ದಣಿದ ಹೆಂಗಸರು ನೀರು ಕುಡಿಯಲು ನಿಂತಾಗ ಮಾಯಿ ಮೈಕಿನಲ್ಲೇ ಹೇಳಿದರು:

"ಮಷೀನು ನಮ್ ಸೊಸೆದು. ಸೋಲ್ ಹಾಕು ಅಂತ ಹೇಳ್ದದ್ದು ನಾನು."