ಕರಿಬೇವಿನ ಪ್ರಯಾಣಿಕರು

ಹುಳಗಳಿಗೂ ‘ರೀ’ ಹಚ್ಚಿ ಮಾತಾಡುವವರನ್ನು ನೀವು ಎಂದಾದರೂ ಕಂಡಿದ್ದೀರಾ? ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು, ಖಾನಾಪುರ ಬಸ್ಸಿನ ನಿವೃತ್ತ ಕಂಡಕ್ಟರ್. ಬೆಳಗಾದರೆ ಕನ್ನಡಕ ಏರಿಸಿಕೊಂಡು ಗಿಡದ ಎಲೆಗಳನ್ನು ಮಗುಚಿ ನೋಡುವರು. ಹುಳ ಕಂಡರೆ ಯಾವ ಚಿಟ್ಟೆಯ ಮರಿಯೆಂದು ಗುರುತಿಸಿ, ಎಲೆಯ ಸಮೇತ ತಾಟಿಗೆ ಹತ್ತಿಸಿ, ಅದು ತಿನ್ನುವ ಗಿಡಕ್ಕೆ ಒಯ್ಯುತ್ತ, “ಮುಂದ ಸರೀರಿ, ಮುಂದ ಸರೀರಿ” ಎನ್ನುವರು.

ತಮ್ಮ ಕರಿಬೇವಿನ ಗಿಡ ಬೋಳಾದ ದಿನ ಹಸಿರು ಹುಳಗಳನ್ನೆಲ್ಲ ತಂದು ನನ್ನ ಗಿಡಕ್ಕೆ ಬಿಟ್ಟೇಬಿಟ್ಟರು.

“ಪಾಪ, ಇವು ಲಿಂಬಿ, ಕರಿಬೇವು ಬಿಟ್ರ ಬ್ಯಾರೆ ತಿನ್ನಂಗಿಲ್ಲರೀ ಅಕ್ಕಾರ” ಎಂದರು.

ನಾನು ಸೊಂಟಕ್ಕೆ ಕೈಯಿಟ್ಟು, “ನನ್ನ ಗಿಡಾನೂ ಬೋಳಾದ್ರ ಒಗ್ಗರಣಿಗೆ ಏನ್ ಹಾಕ್ಲಿ?” ಎಂದೆ.

“ನಿಮ್ಮ ಮನಿ ಮಂದಿ ಕರಿಬೇವು ಆರಿಸಿ ತಾಟಿನ ಬಾಜೂಕ ಇಡ್ತಾರ. ಇವು ಒಂದ್ ಎಲಿನೂ ಬಿಡಂಗಿಲ್ಲ ನೋಡ್ರಿ!”