ಅಕ್ಕ ಮತ್ತು ಬೆಳೆಯದ ಕಣಗಳು

ನನ್ನ ಅಕ್ಕನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾಳೆ. ಮನೆಗೆ ಬಂದರೂ ಆ ಕಣ್ಣು ಬಿಡುವು ತೆಗೆದುಕೊಳ್ಳುವುದಿಲ್ಲ. ನನ್ನ ಕಾಲರಿನ ಕೊಳೆ ಅವಳಿಗೆ ಬಾಗಿಲಿನಿಂದಲೇ ಕಾಣುತ್ತದೆ. ನನಗೆ ನಲವತ್ತು ದಾಟಿ ತಲೆ ನರೆತಿದೆ, ಅವಳ ಬಾಯಲ್ಲಿ ಮಾತ್ರ ನಾನಿನ್ನೂ ‘ಪುಟ್ಟ’. ರಸ್ತೆ ದಾಟುವಾಗ ಈಗಲೂ ನನ್ನ ಮಣಿಕಟ್ಟು ಹಿಡಿಯುತ್ತಾಳೆ. ಜನ ನಗುತ್ತಾರೆ, ನನಗೆ ಮೈ ಉರಿಯುತ್ತದೆ.

ವಸಡಿನ ರಕ್ತ ನಿಲ್ಲದೆ ಆಸ್ಪತ್ರೆ ಸೇರಿದಾಗ ನನ್ನ ರಕ್ತವೂ ಅವಳ ಮೇಜಿಗೇ ಹೋಯಿತು. ರಕ್ತದ ಕ್ಯಾನ್ಸರ್ ಎಂದು ವೈದ್ಯರು ಹೇಳಿ ಹೋದ ಮೇಲೆ ಅವಳು ಮಂಚದ ಪಕ್ಕ ಕೂತಳು.

“ನಿನ್ನ ಬಿಳಿ ರಕ್ತಕಣಗಳು ಬೆಳೀತಿಲ್ಲ ಪುಟ್ಟ. ಎಲ್ಲಾ ನಿನ್ನ ಹಾಗೇ.”

ಡ್ರಿಪ್ಪಿನ ಜೊತೆ ಕೊಟ್ಟದ್ದು ವಿಟಮಿನ್ ಎ ವಂಶದ ಕ್ಯಾಪ್ಸೂಲ್. ಕ್ಯಾನ್ಸರಿಗೆ ವಿಟಮಿನ್ನೇ ಎಂದು ನಾನು ಮುಖ ಸಿಂಡರಿಸಿದೆ.

“ಕಣದೊಳಗೆ ಡಿಎನ್‌ಎ ಮೇಲೆ ಒಂದು ಪ್ರೋಟೀನು ತನ್ನ ಜೋಡಿ ಜೊತೆ ಕೂತಿರುತ್ತೆ,” ಎಂದಳು ಅಕ್ಕ. “ಬೆಳೆಸೋ ಜೀನ್‌ಗಳ ಬಾಯಿ ಮುಚ್ಚಿಸೋರನ್ನ ಪಕ್ಕದಲ್ಲೇ ಇಟ್ಕೊಂಡಿರುತ್ತೆ. ವಿಟಮಿನ್ ಎಯಿಂದಾದ ಆಮ್ಲ ಬಂದು ಅಂಟಿದ್ರೆ ಅದರ ಆಕಾರ ಬದಲಾಗುತ್ತೆ. ಬಾಯಿ ಮುಚ್ಚಿಸೋರು ಜಾಗ ಬಿಡ್ತಾರೆ, ಮಾತಾಡಿಸೋರು ಬರ್ತಾರೆ. ನಿನ್ನಲ್ಲಿ ಆ ಪ್ರೋಟೀನು ಇನ್ನೊಂದಕ್ಕೆ ತಗಲಿಹಾಕ್ಕೊಂಡು ಮೊಂಡು ಹಿಡಿದಿದೆ. ಮೈಯಲ್ಲಿರೋ ಆಮ್ಲ ಸಾಲಲ್ಲ, ಅದಕ್ಕೇ ಜಾಸ್ತಿ ಕೊಡ್ತಾರೆ.”

“ಅಂದ್ರೆ ಕಣಗಳನ್ನ ಕೊಲ್ಲಲ್ವಾ?”

“ದೊಡ್ಡವಾಗೋ ಹಾಗೆ ಮಾಡುತ್ತೆ. ದೊಡ್ಡವಾದ್ಮೇಲೆ ಆಯಸ್ಸು ಮುಗಿಸಿ ತಾವೇ ಹೋಗ್ತವೆ.”

ಕೆಲವು ದಿನಗಳಾದ ಮೇಲೆ ಬಿಳಿ ಕಣಗಳ ಸಂಖ್ಯೆ ಇಳಿಯುವ ಬದಲು ಏರಿತು. ಹೀಗಾಗಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ನನ್ನ ಏದುಸಿರು ನೋಡಿ ಇನ್ನೊಂದು ಮಾತ್ರೆಯನ್ನೂ ಸೇರಿಸಿದರು. ನನ್ನ ತಲೆಗೆ ಏನೂ ಹೋಗಲಿಲ್ಲ. ಕತೆ ಮುಗಿಯಿತು, ಇನ್ನು ಇದೆಲ್ಲ ಯಾಕೆ ಎಂದುಕೊಂಡು ಕ್ಯಾಪ್ಸೂಲನ್ನು ನಾಲಿಗೆಯಡಿ ಇಟ್ಟುಕೊಂಡೆ. ನರ್ಸ್ ಹೋದ ಮೇಲೆ ಉಗಿದು ದಿಂಬಿನ ಕವರಿನೊಳಗೆ ತಳ್ಳಿದೆ.

ಅಕ್ಕನ ಕಣ್ಣಿಗೆ ದಿಂಬಿನ ಮೇಲಿನ ಕಲೆ ಬೀಳದಿರುತ್ತದೆಯೇ. ಅವಳು ಬೈಯಲಿಲ್ಲ, ನನಗೆ ಭಯವಾದದ್ದು ಅದಕ್ಕೇ. ನರ್ಸಿಗೆ ವಿಷಯ ತಿಳಿಸಿ, ಅವರು ಕೊಟ್ಟ ಹೊಸ ಕ್ಯಾಪ್ಸೂಲನ್ನು ಜೊತೆಗಿಟ್ಟುಕೊಂಡು, ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲ್ಯಾಬಿಗೆ ತಳ್ಳಿಕೊಂಡು ಹೋದಳು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ನಾನು ಆಸ್ಪತ್ರೆ ಸೇರಿದ ದಿನದ ಪಟ್ಟಿಯಲ್ಲಿ ಒರಟು ಹರಳು ತುಂಬಿ ಊದಿಕೊಂಡ ಕಣಗಳು. ಅಂದಿನ ಪಟ್ಟಿಯಲ್ಲಿ ಹಲವು ಕಣಗಳ ನಡುಭಾಗ ಮೂರ್ನಾಲ್ಕು ತುಂಡಾಗಿ, ದಾರಕ್ಕೆ ಪೋಣಿಸಿದಂತಿತ್ತು.

“ಸಂಖ್ಯೆ ಏರಿರೋದು ಇವುಗಳದ್ದೇ. ಮೂಳೆಯ ಮಜ್ಜೆಯೊಳಗೆ ಕೂತಿದ್ದವು ಬೆಳೆದು ಹೊರಗೆ ಬಂದಿವೆ,” ಎಂದಳು. ಆಮೇಲೆ ದನಿ ಒಡೆಯಿತು. “ನೀನಿಲ್ದೆ ನಾನು ಯಾರನ್ನ ಬೈಲಿ?”

ನಾನು ಅಕ್ಕನ ಮುಖ ನೋಡಲಾಗದೆ ಕ್ಯಾಪ್ಸೂಲಿಗೆ ಕೈಚಾಚಿದೆ. ಅವಳ ಎದುರಿಗೇ ನುಂಗಿದೆ.

ಎಷ್ಟೋ ತಿಂಗಳ ಮೇಲೆ ಮಜ್ಜೆಯಲ್ಲಿ ರೋಗ ಕಾಣುತ್ತಿಲ್ಲ ಎಂಬ ವರದಿ ಬಂತು. ಇಬ್ಬರೂ ಆಸ್ಪತ್ರೆಯ ಗೇಟಿಗೆ ಬಂದೆವು. ಕಣ್ಣೀರಿಗೆ ಕನ್ನಡಕ ಒದ್ದೆಯಾಗಿ ಅಕ್ಕನಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ.

“ಬಾ ಅಕ್ಕ, ಯಾವ ಗಾಡಿನೂ ಬರ್ತಿಲ್ಲ.”

ಅವಳು ಕೈ ಬಿಡಿಸಿಕೊಳ್ಳದೆ ನನ್ನ ಹಿಂದೆ ಬಂದಳು.